ಅಂಚು ಮಡಚದಂಗ ಕೌದಿ ಹೊಲಿಯೋದು ಹೆಂಗ

ಮೊದ್ಲ ಹೇಳಿಬಿಡ್ತೀನಿ, ಇದು ನಮ್ಮ ಆಯಿ (ಅಜ್ಜಿ) ಹೊಲಿತಿದ್ದಂಥ ಕೌದಿ ಅಲ್ಲ. ಕೌದಿ ಅಂದ್ರ ಹಳೇ ಸೀರಿ ಪದರಿನ ಮ್ಯಾಲ ಅರಿವಿ ತುಕಡಿ ಇಟ್ಟು ಹೊಲಿಯೋ ಹೊದಿಕಿ. ಆಯಿ ಗುಳೇದಗುಡ್ಡದಾಕಿ, ಒಂದೊಂದು ತುಕಡಿನೂ ನಾಕೂ ಕಡೆ ಒಳಗ ಮಡಚಿ, ಉಗುರಿಲೆ ಗೀರಿ ಕೂಡ್ಸಿ, ಆಮ್ಯಾಲ ಸೂಜಿ ಹಾಕ್ತಿದ್ಲು, ಒಂದ್ ಕೌದಿ ಮುಗಿಬೇಕಂದ್ರ ಮೂರು ತಿಂಗಳು. ನನಗ ಅಷ್ಟು ತಾಳ್ಮಿನೂ ಇಲ್ಲ ಟೈಮೂ ಇಲ್ಲ, ಬಾಗಲಕೋಟಿ ನವನಗರದಾಗ ಮುಂಜಾನೆ ಎದ್ದು ಮಕ್ಕಳ ಡಬ್ಬಿ ಕಟ್ಟಿ ಸಾಲಿಗೆ ಕಳಿಸೋದ್ರಾಗ ಅರ್ಧ ಜೀವ ಹೋಗಿರ್ತೈತಿ. ಹಂಗಾಗಿ ನಾನು ಹೊಲಿಯೋದು ಅಂಚು ಮಡಚದ ಕೌದಿ, ತುಕಡಿ ಹೆಂಗ ಕತ್ತರಿಸಿರ್ತೀವೋ ಹಂಗ ಇಟ್ಟು ಹೊಲಿಯೋದು, ಅಂಚಿನ ಎಳಿ ಬಿಟ್ಕೊಂಡು ಸಣ್ಣ ಕುಚ್ಚಿನಂಗ ಆಗ್ಲಿ ಅಂತ ಬಿಡೋದು. ನೋಡಿದವ್ರು ಮೊದ್ಲ "ಏನವ್ವಾ ಇದು, ಇನ್ನೂ ಮುಗಿಸೇ ಇಲ್ಲಲ್ಲ" ಅಂತಾರ, ಎರಡ ಸಲ ಒಗದ ಮ್ಯಾಲ ಅವ್ರ "ನಂಗೂ ಒಂದ್ ಹೊಲಕೊಡ ಮಾರಾಯ್ತಿ" ಅಂತ ಬರ್ತಾರ.

ಆದ್ರ ಒಂದ್ ಮಾತು. ಅಂಚು ಬಿಡೋದು ಅಂದ್ರ ಹೆಂಗರ ಬಿಡೋದಂತ ತಿಳ್ಕೊಂಡವ್ರ ಕೌದಿ ಮೂರನೇ ಒಗತಕ್ಕ ಚಿಂದಿ ಆಗಿ ಕೈಗೆ ಬರ್ತೈತಿ. ಎಳಿ ಎಲ್ಲಿತನ ಬಿಚ್ಚಬೇಕು, ಎಲ್ಲಿ ನಿಲ್ಲಬೇಕು ಅಂಬೋದು ಹೊಲಿಯೋಕಿ ಕೈಯಾಗ ಇರಬೇಕು.

ಎಳಿ ಯಾಕ ಬಿಚ್ತಾವ ಅಂತ ತಿಳಕೊಂಡ್ರ ಮುಂದಿಂದೆಲ್ಲಾ ಸಸಾರ. ನೇಯ್ದ ಅರಿವಿಯೊಳಗ ಉದ್ದಕ ಹಾಸು, ಅಡ್ಡಕ ಹೊಕ್ಕು, ಒಂದಕ್ಕೊಂದು ಹೆಣಕೊಂಡು ಕುಂತಿರ್ತಾವ. ಕತ್ತರಿ ಹಚ್ಚಿದ ಕೂಡ್ಲೆ ಅಂಚಿನ ಎಳಿಗೆ ಹಿಡಕೊಳ್ಳಾಕ ಏನೂ ಉಳಿಯಂಗಿಲ್ಲ, ಒಂದೊಂದ ಜಾರಿ ಹೊರಗ ಬರ್ತಾವ. ಎದುರಿಗೆ ಹೊಲಿಗಿ ಸಾಲು ಬಂತಂದ್ರ ಅಲ್ಲೆ ನಿಂತ್ಕೋತಾವ. ಅಂಚಿನಿಂದ ಕಾಲು ಇಂಚು ಒಳಗ ಹೊಲದ್ರ ಕಾಲು ಇಂಚು ಕುಚ್ಚು, ಅರ್ಧ ಇಂಚು ಬಿಟ್ಟು ಹೊಲದ್ರ ಅರ್ಧ ಇಂಚು. ಅಷ್ಟ ಲೆಕ್ಕ. ಇನ್ನೊಂದು, ಎಳಿ ನೇರಕ್ಕ ಕತ್ತರಿಸಿದ್ರ ಚೊಲೊ ಕುಚ್ಚು ಬಿಡ್ತೈತಿ, ಮೂಲಿಂದ ಮೂಲಿಗೆ ಓರೆ ಕತ್ತರಿಸಿದ್ರ ಎಳಿ ಬಿಚ್ಚೋದು ಭಾಳ ಕಡಿಮಿ ಆದ್ರ ಆ ಅಂಚು ಜಗ್ಗಿದ್ರ ಹಿಗ್ಗತೈತಿ, ಹೊಲಿಬೇಕಾದ್ರ ಅಲೆ ಅಲೆ ಎದ್ದು ಕುಂತು ತಲಿ ತಿಂತೈತಿ. ಹಂಗಾಗಿ ಮೊದಲನೇ ಕೌದಿಗೆ ಚೌಕಾನೋ ಆಯತಾನೋ ಕತ್ತರಿಸ್ರಿ, ಗೋಲ ತ್ರಿಕೋನ ಎಲ್ಲಾ ಆಮ್ಯಾಲ ನೋಡಿದ್ರಾತು.

ತುಕಡಿ ಎಲ್ಲಿಂದ ತರೋದು? ಮನಿ ಟ್ರಂಕ್ ಬಿಟ್ರ ಜಂಪರ್ (ಬ್ಲೌಸ್) ಹೊಲಿಯೋ ಟೇಲರ್ ಅಂಗಡಿನ ಗತಿ. ಜಂಪರ್ ಹೊಲಿಯೋರ ಹತ್ರ ಪಾಪ್ಲಿನ್, ಟು ಬೈ ಟು ಅನ್ನೋ ತೆಳು ಹತ್ತಿ ಅರಿವಿ, ಅಸ್ತರದ ಅರಿವಿ, ಖಣದ (ದಡಿ ಇರೋ ಜಂಪರ್ ಅರಿವಿ) ಚೂರು ಸಿಗ್ತಾವ, ಗಂಡಸರ ಪ್ಯಾಂಟ್ ಶರ್ಟ್ ಹೊಲಿಯೋರ ಹತ್ರ ಬರೇ ಪಾಲಿಸ್ಟರ್ ಕೂಡಿದ ಟೆರಿಕಾಟು. ಒಂದ್ ಖಾಲಿ ಅಕ್ಕಿ ಚೀಲ ಕೊಟ್ಟು "ಅಣ್ಣಾರ, ಚೆಲ್ಲಬ್ಯಾಡ್ರಿ, ಇದ್ರಾಗ ಹಾಕಿಡ್ರಿ, ವಾರಕ್ಕೊಮ್ಮೆ ಬಂದ್ ಒಯ್ತೀನಿ" ಅಂತ ಹೇಳಿದ್ರ ಯಾರೂ ಇಲ್ಲ ಅನ್ನಂಗಿಲ್ಲ, ಅವ್ರಿಗೂ ಕಸಾ ಹೋಗಿದ್ದ ಛಲೋ. ಬೆಳಗಾವಿಯೊಳಗ ವಡಗಾಂವ, ಖಾಸಬಾಗ, ಶಹಾಪುರ ಕಡೆ ಇರೋರು ನಸೀಬವಾನ್‌ರು, ಪವರ್‌ಲೂಮ್ ಓಣಿಯೊಳಗ ಸೀರಿ ತುದಿ ತುಂಡು ಸಿಗ್ತಾವ. ನಮ್ಮ ಜಿಲ್ಲಾದಾಗ ರಬಕವಿ ಬನಹಟ್ಟಿ, ಇಳಕಲ್ಲ, ಗುಳೇದಗುಡ್ಡದವ್ರಿಗೆ ನಾ ಹೇಳೋದ ಏನೈತಿ.

ಚೀಲ ಮನಿಗೆ ತಂದ ಕೂಡ್ಲೆ ಹೊಲಿಯಾಕ ಕುಂದ್ರಬ್ಯಾಡ್ರಿ. ಆರಿಸ್ರಿ. ಒಂದೊಂದ ತುಕಡಿ ಹಿಡದು ಅಂಚಿನ್ಯಾಗ ಉಗುರು ಹಾಕಿ ಒಂದ ಎಳಿ ಜಗ್ರಿ. ಹತ್ತಿದಾದ್ರ ಸ್ವಲ್ಪ ತಡದು, ಕುರ್ ಅಂತ ಬರ್ತೈತಿ, ಕೈ ಬಿಟ್ಟ ಮ್ಯಾಲ ಎಳಿ ಗುಂಗುರು ಕೂದಲದಂಗ ಸುತ್ತಿಕೊಂಡ ಕುಂದ್ರತೈತಿ, ಇದು ನಮಗ ಬೇಕಾದ್ದು. ಟೆರಿಕಾಟ್, ಪಾಲಿಸ್ಟರ್ ಆದ್ರ ಜರ್ ಅಂತ ಒಮ್ಮೆಲೆ ಉದ್ದಕ ಜಾರಿ ಬರ್ತೈತಿ, ತಡಿಯೋ ಮಾತ ಇಲ್ಲ. ಸಂಶೆ ಬಂದ್ರ ಎರಡ ಎಳಿ ತಗೊಂಡು ಕಡ್ಡಿ ಗೀರಿ ಹಚ್ಚಿ ನೋಡ್ರಿ, ಹತ್ತಿ ಕಾಗದ ಸುಟ್ಟಂಗ ವಾಸನಿ ಬಂದು ಬೂದಿ ಆಗತೈತಿ, ಪಾಲಿಸ್ಟರ್ ಕರಗಿ ಕರೇ ಗುಂಡಾಗಿ ಗಟ್ಟಿ ಕುಂದ್ರತೈತಿ. ಈಗ ಟು ಬೈ ಟು ಅಂತ ಕೊಡೋದ್ರಾಗೂ ಮಿಕ್ಸ್ ಬರ್ತೈತಿ, ಬಣ್ಣ ನೋಡಿ ಮೋಸ ಹೋಗಬ್ಯಾಡ್ರಿ. ಟೀ ಶರ್ಟ್, ಬನಿಯನ್ ಅರಿವಿ ಈ ಕೆಲಸಕ್ಕ ಬ್ಯಾಡ, ಅವು ಹೆಣಿಗಿ ಅರಿವಿ, ಎಳಿನೂ ಬಿಡಂಗಿಲ್ಲ, ಅಂಚು ಸುರುಳಿ ಸುತ್ಕೊಂಡ ಕುಂದ್ರತಾವ, ಹೊಲಿಬೇಕಾದ್ರ ಹಿಗ್ಗತಾವ ಬ್ಯಾರೆ.

ನಾನು ಮೊದಲನೇ ಕೌದಿಗೆ ಇದೆಲ್ಲಾ ನೋಡಲಿಲ್ಲ. ಮಸ್ತ್ ನವಿಲಗಣ್ಣಿನ ಬಣ್ಣದ್ದೊಂದು ಟೆರಿಕಾಟ್ ತುಂಡು ಇತ್ತು, ನಟ್ಟ ನಡುವ ಇಟ್ಟು ಹೊಲದೆ. ಎರಡ ಸಲ ಒಗಿಯೂದ್ರಾಗ ಅದರ ಎಳಿ ಹೊಲಿಗಿ ದಾಟಿ ಒಳಗ ಹೋಗಿ ಮೂಲಿ ಮೂಲಿ ಕಿತ್ಕೊಂಡು, ಒಂದಿನ ಮಗ ಎದ್ದು ಬಂದು "ಅವ್ವಾ ಕೌದಿದು ಹೊಟ್ಟಿ ಹರದೈತಿ" ಅಂದ. ಹರದದ್ದು ಹೌದ.

ಖಣ ಮತ್ತ ಇಳಕಲ್ಲ ಸೀರಿ ಬಗ್ಗೆ ಸ್ವಲ್ಪ ಬ್ಯಾರೆನ ಹೇಳಬೇಕು, ಯಾಕಂದ್ರ ನಮ್ಮ ಕಡೆ ಟ್ರಂಕ್ ತಗದ್ರ ಅವ ಬರ್ತಾವ. ಖಣದಾಗ ರೇಷ್ಮಿ, ಆರ್ಟ್ ಸಿಲ್ಕ್ ಅನ್ನೋ ನಕಲಿ ರೇಷ್ಮಿ ಎಳಿ ಇರ್ತಾವ, ಭಾಳ ಜಾರ್ತಾವ. ನೋಡಾಕ ಚೆಂದ ಅಂತ ಎಲ್ಲಾ ಕಡೆ ಖಣಾನ ಹಚ್ಚಿದ್ರ ಕೌದಿ ತುಂಬ ಕೂದಲ ಬಿಟ್ಟಂಗ ಕಾಣತೈತಿ. ಖಣದ ತುಕಡಿಗೆ ಮಾತ್ರ ಅಂಚಿನಿಂದ ಅರ್ಧ ಇಂಚು ಬಿಟ್ಟು ಒಂದ ಸಾಲು, ಅದರ ಒಳಗ ಕಾಲು ಇಂಚಿಗೆ ಇನ್ನೊಂದ ಸಾಲು ಹಾಕ್ರಿ, ಎರಡ ಬಾಗಿಲ ಹಾಕಿದಂಗ. ಇಳಕಲ್ಲ ಸೀರಿ ಮೈ ಹತ್ತಿದಿದ್ರ ಹಾಸಾಕ ಅದರಂಥಾ ಅರಿವಿ ಇನ್ನೊಂದಿಲ್ಲ, ಹತ್ತು ವರ್ಷ ಉಟ್ಟು ಒಗದು ಮೆತ್ತಗಾಗಿರ್ತೈತಿ. ಆದ್ರ ಸೆರಗು ಮತ್ತ ಮೈ ಕೂಡೋ ಜಾಗಾದಾಗ ಕೊಂಡಿ ಹಾಕಿರ್ತಾರ ನೋಡ್ರಿ, ಮೈ ಹಾಸಿನ ಎಳಿಗೆ ಸೆರಗಿನ ಹಾಸಿನ ಎಳಿ ಒಂದೊಂದ ಸಿಕ್ಕಿಸಿ ಕೂಡ್ಸಿರ್ತಾರ, ಆ ಗೆರಿ ಮ್ಯಾಲ ಕತ್ತರಿ ಆಡಸಬ್ಯಾಡ್ರಿ, ಎರಡೂ ಕಡೆ ಎರಡೆರಡು ಇಂಚು ಬಿಟ್ಟ ಕತ್ತರಿಸ್ರಿ. ಸೆರಗು ಆರ್ಟ್ ಸಿಲ್ಕಿಂದಾಗಿದ್ರ ನೀರಾಗ ನೆನದಾಗ ಅದರ ಬಲ ಕಮ್ಮಿ ಆಗತೈತಿ, ಅದನ್ನ ಕಾಲು ತಿಕ್ಕೋ ಜಾಗಾದಾಗ ಹಾಕದ ತಲಿ ಕಡೆನೋ ನಡುವನೋ ಹಾಕ್ರಿ. ಆಯಿ ಸೀರಿ ಸೆರಗಿನ್ಯಾಗ ತೋಪ ತೆನಿ ಅನ್ನೋ ಇಳಕಲ್ಲ ಚಿತ್ತಾರ ಇದ್ರ ಅದನ್ನ ತಗದಿಡ್ರಿ, ಕಡೀಕ ಒಂದ ಜಾಗಾ ಐತಿ ಅದಕ್ಕ, ಹೇಳ್ತೀನಿ.

ಒಗಿಯೋದು ಮರೀಬ್ಯಾಡ್ರಿ. ಹೊಸಾ ತುಕಡಿ ಎಲ್ಲಾ ಒಮ್ಮೆ ಒಗದು ಒಣಗಿಸಬೇಕು, ಹತ್ತಿ ಕುಗ್ಗತೈತಿ, ಕೆಳಗಿನ ಸೀರಿ ಹಳೇದಿದ್ದು ಆಗಲೆ ಕುಗ್ಗಿ ಮುಗದಿರ್ತೈತಿ, ಮ್ಯಾಲ ಹೊಸಾ ತುಕಡಿ ಹೊಲದ ಮ್ಯಾಲ ಕುಗ್ಗಿದ್ರ ಮುದುಕಿ ಮಾರಿಯಂಗ ನೆರಿಗಿ. ಕೆಂಪು, ಕಡುನೀಲಿ, ಹಸರು ಬ್ಯಾರೆ ಬ್ಯಾರೆ ಬಕೀಟಿನ್ಯಾಗ ನೆನಿ ಹಾಕ್ರಿ. ಉಪ್ಪು ಹಾಕಿದ್ರ ಬಣ್ಣ ನಿಲ್ತೈತಿ ಅಂತ ಎಲ್ಲಾರೂ ಹೇಳ್ತಾರ, ನನಗಂತೂ ನಿಂತಿಲ್ಲ, ಅಪ್ಪನ ಬಿಳಿ ಧೋತ್ರದ ಮ್ಯಾಲ ಒಂದು ಕೆಂಪು ಖಣ ಓಕುಳಿ ಆಡಿ ಹೋಗೈತಿ. ಒದ್ದೀ ತುಕಡಿಯನ್ನ ಬಿಳಿ ಅರಿವಿ ಮ್ಯಾಲಿಟ್ಟು ಒತ್ತಿ ನೋಡ್ರಿ, ಬಣ್ಣ ಹತ್ತಿದ್ರ ಇನ್ನೊಮ್ಮೆ ಒಗೀರಿ, ಮೂರನೇ ಸಲಾನೂ ಹತ್ತಿದ್ರ ಅದನ್ನ ಒರಸೋ ಅರಿವಿ ಮಾಡ್ರಿ.

ಇನ್ನ ಅಳತಿ. ಬೆರಳಲೆ, ಗೇಣಲೆ ಅಳದು ಹೊಲಿತಿದ್ರು ಮೊದ್ಲ, ನಾನು ಟೇಪ್ ಹಿಡಿತೀನಿ. ಆರ್‌ವಾರ ಸೀರಿ 216 ಇಂಚು ಉದ್ದ ಇರ್ತೈತಿ, ಅದನ್ನ ಮೂರು ಮಡಿಕಿ ಹಾಕಿದ್ರ 72 ಇಂಚು, ಅಂದ್ರ ಬರೋಬ್ಬರಿ 6 ಫೂಟು. ಅಗಲ ಸೀರಿದ ಅಗಲಾನ, 45 ಇಂಚಿನ ಆಸುಪಾಸು. ಎಲ್ಲೂ ಕತ್ತರಿಸೋದು ಬ್ಯಾಡ, ಕೂಡಿಸೋದು ಬ್ಯಾಡ, ಮೂರು ಪದರು ತಯಾರ್. ಒಬ್ಬರು ಹೊಚ್ಕೊಳ್ಳಾಕ ಇಷ್ಟ ಸಾಕು. ಮನಿಯವ್ರು ಆರ ಫೂಟಿನವ್ರಿದ್ರ ಕಾಲ ಹೊರಗ ಬರ್ತಾವ, ಅದಕ್ಕ ಒಂಬತ್‌ವಾರ ಸೀರಿ ಹುಡುಕ್ರಿ, ಆಯಿ ಕಾಲದವು ಇರ್ತಾವ, ನಾಕು ಮಡಿಕಿ ಹಾಕಿದ್ರ 81 ಇಂಚು ಉದ್ದ, ಒಂದ ಪದರನೂ ಜಾಸ್ತಿ. ಬೆಳಗಾವಿ ಖಾನಾಪುರದ ಮಳಿ ಥಂಡಿಗೆ ಅದ ಬೇಕು, ನಮ್ಮ ಬಾಗಲಕೋಟಿ ವಿಜಯಪುರದ ಕಡೆ ಮೂರು ಪದರು ಹೆಚ್ಚಾತು. ಎರಡ ಸೀರಿ ಸೇರ್ಸಿ ಆರು ಪದರು ಮಾಡ್ತೀನಿ ಅನ್ನೋ ಹುಮ್ಮಸ್ಸು ಮೊದಲನೇ ಸಲಾನ ಬ್ಯಾಡ, ಸೂಜಿ ದಾಟಂಗಿಲ್ಲ, ಬೆರಳ ತೂತು ಬೀಳ್ತಾವ.

ಸೀರಿಗೆ ಬಲ ಐತೋ ಇಲ್ಲೋ ಅಂತ ಮೊದ್ಲ ಬೆಳಕಿಗೆ ಹಿಡದು ನೋಡ್ರಿ, ಎರಡ ಕೈಲೆ ಜಗ್ರಿ. ಪರ್ ಅಂದ್ರ ಅದು ಕೆಳಗಿನ ಪದರಿಗೆ ಬರಂಗಿಲ್ಲ, ನಡುವಿಂದ್ರಾಗ ಹಾಕಿಬಿಡ್ರಿ, ನಡುವಿನ ಪದರು ಬರೇ ಬೆಚ್ಚಗಿಡಾಕ.

ತುಕಡಿ 6 ಇಂಚು ಚೌಕ ಕತ್ತರಿಸಿದ್ರ, ಒಂದರ ಮ್ಯಾಲ ಒಂದು 1 ಇಂಚು ಏರೋವಂಗ ಇಟ್ಟು, ಈ ಅಳತಿ ಕೌದಿಗೆ 130 ತುಕಡಿ ಬೇಕಾಗ್ತಾವ. ಎಲ್ಲಾ ಒಂದ ಸೈಜು ಇರಬೇಕಂತೇನಿಲ್ಲ, ನನ್ನವು ಇರಂಗೂ ಇಲ್ಲ, ದೊಡ್ಡದಿದ್ರ ದೊಡ್ಡದು, ಆದ್ರ 3 ಇಂಚಿಗಿಂತ ಸಣ್ಣದು ಬ್ಯಾಡ, ಸುತ್ತ ಕಾಲು ಇಂಚು ಕುಚ್ಚಿಗೆ ಹೋಗಿ, 1 ಇಂಚು ಇನ್ನೊಂದರ ಕೆಳಗ ಹೋಗಿ, ಹಿಡಕೊಳ್ಳಾಕ ಏನ ಉಳಿತೈತಿ ಅದರಾಗ.

ಸಾಮಾನು ಭಾಳ ಇಲ್ಲ. ಉದ್ದನ್ನ ಗಟ್ಟಿ ಸೂಜಿ, ದಬ್ಬಣ ಅಲ್ಲ ಮತ್ತ, ದಬ್ಬಣ ಚೀಲ ಹೊಲಿಯಾಕ, ಅದರ ತೂತಿನ್ಯಾಗ ಎಳಿ ಬಿಚ್ಕೋತಾವ. ದಪ್ಪನ ಹತ್ತಿ ದಾರ, ಬಿಳೇದ ಇರ್ಲಿ, ಬಣ್ಣದ ತುಕಡಿ ಮ್ಯಾಲ ಬಿಳಿ ಹೊಲಿಗಿ ಜ್ವಾಳದ ಕಾಳು ಸಾಲಾಗಿ ಚೆಲ್ಲಿದಂಗ ಕಾಣತೈತಿ. ನಡುಬೆರಳಿಗೆ ಹಾಕ್ಕೊಳ್ಳೋ ಲೋಹದ ಟೊಪ್ಪಿಗಿ, ಇದಿಲ್ಲದ ಕುಂದರಬ್ಯಾಡ್ರಿ. ಚೂಪನ್ನ ಕತ್ತರಿ, ಗುರ್ತು ಹಾಕಾಕ ಟೇಲರ್ ಚಾಕ್‌ಪೀಸು, ಒಂದ ಡಬ್ಬಿ ಸೇಫ್ಟಿ ಪಿನ್ನು, ಒಂದ ಮೇಣಬತ್ತಿ. ದಾರಾನ ಮೇಣಬತ್ತಿ ಮ್ಯಾಲ ಎರಡ ಸಲ ಎಳದ್ರ ಗಂಟ ಬೀಳೋದು ಕಡಿಮಿ.

ಈಗ ಹಾಸೋದು. ನೆಲಾ ಒರಸಿ ಸೀರಿ ಮೂರು ಮಡಿಕಿ ಹಾಸ್ರಿ, ನಾಕೂ ಮೂಲಿಗೆ ಜ್ವಾಳದ ಡಬ್ಬಿನೋ ಒಳ್ಳಿನ ಗುಂಡೋ ಏನರ ಭಾರ ಇಡ್ರಿ, ಫ್ಯಾನ್ ಬಂದ್ ಮಾಡ್ರಿ, ಬೆಕ್ಕಿದ್ರ ಹೊರಗ ಹಾಕ್ರಿ. ನಡುವಿನಿಂದ ಹೊರಕ್ಕ ಅಂಗೈಲೆ ಸವರ್ತಾ ನೆರಿಗಿ ಎಲ್ಲಾ ಅಂಚಿಗೆ ದೂಡ್ರಿ. ಆಮ್ಯಾಲ ಗೇಣಿಗೊಂದು ಸಾಲಿನಂಗ ಉದ್ದುದ್ದ ಕಚ್ಚಾ ಹೊಲಿಗಿ ಹಾಕ್ರಿ, ಇದೂ ನಡುವಿನಿಂದ ಹೊರಕ್ಕ. ಇದು ಆಮ್ಯಾಲ ಬಿಚ್ಚೋ ಹೊಲಿಗಿ, ಹಂಗಂತ ಬಿಟ್ಟುಬಿಡಬ್ಯಾಡ್ರಿ, ಇದಿಲ್ಲಂದ್ರ ಕೆಳಗಿನ ಪದರು ಸರದು ಹಿಂದ ಜೋಲಿ ಬೀಳತೈತಿ, ಅದು ಗೊತ್ತಾಗೋದು ಪೂರಾ ಮುಗದ ಮ್ಯಾಲ. ಈ ಒಂದ್ ತಾಸಿನ ಕೆಲಸಕ್ಕ ಬ್ಯಾಸರ ಮಾಡ್ಕೊಂಡು ನಾನು ಒಂದ್ ಕೌದಿ ಪೂರಾ ಬಿಚ್ಚೀನಿ.

ತುಕಡಿ ಹಚ್ಚೋದು ಹೊರಗಿನಿಂದ ಒಳಕ್ಕ. ಮೂಲಿಯಿಂದ ಚಾಲು ಮಾಡಿ ಸುತ್ತಲೂ ಒಂದ ಸುತ್ತು, ಆಮ್ಯಾಲ ಅದರ ಒಳಗ ಇನ್ನೊಂದ ಸುತ್ತು, ಹಿಂಗ ಸುತ್ತಿ ಸುತ್ತಿ ನಡುವಿಗೆ ಬಂದು ಮುಗಿಸೋದು. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆ ಸಿದ್ದಿ ಸಮುದಾಯದ ಹೆಣ್ಮಕ್ಕಳು ಹೊಲಿಯೋ ಕೌದಿನೂ ಹಿಂಗ ಅಂಚಿನಿಂದ ಒಳಕ್ಕ ಬರೋದು, ಅವ್ರು ಮೂಲಿಗೆ ಮಡಚಿದ ತ್ರಿಕೋನದ ತುಕಡಿ ಪದರು ಪದರಾಗಿ ಇಟ್ಟು ಹೂವು ಕೂಡಸ್ತಾರ, ಫೂಲಾ ಅಂತಾರ ಅದಕ್ಕ, ಅದಿಲ್ಲಂದ್ರ ಕೌದಿ ಪೂರಾ ಆಗಂಗಿಲ್ಲ ಅವ್ರಿಗೆ. ಹೊರಗಿನಿಂದ ಬರೋದ್ರಾಗ ಕೈಗೆ ಭಾಳ ಆರಾಮ, ಕೌದಿ ತೊಡಿ ಮ್ಯಾಲ ಹಾಕ್ಕೊಂಡು ತಿರುಗಸ್ತಾ ಹೋದ್ರಾತು, ಭಾರಾ ಎತ್ತಿ ಎತ್ತಿ ಆಕಡೆ ಈಕಡೆ ಮಾಡೋದಿಲ್ಲ.

ಮೊದಲನೇ ಸುತ್ತಿನ ತುಕಡಿ ಎಲ್ಲಾ ಸಾಲಾಗಿ ಇಡ್ರಿ, ಒಂದರ ಮ್ಯಾಲ ಪಕ್ಕದ್ದು 1 ಇಂಚು ಏರ್ಲಿ, ಪಿನ್ ಹಾಕ್ರಿ. ಹೊಲಿಗಿ ಸಾದಾ ಓಡೋ ಹೊಲಿಗಿ, ಕಸೂತಿಯೊಳಗ ನೇಗಿ ಅಂತಾರಲ್ಲ ಹಂಗ, ಕೆಳಗ ಮ್ಯಾಲ ಕೆಳಗ ಮ್ಯಾಲ. ದಾರ ಎರಡ ಮೊಳಕ್ಕಿಂತ ಉದ್ದ ಬ್ಯಾಡ. ಶುರುವಾತಿಗೆ ದೊಡ್ಡ ಗಂಟ ಹಾಕಬ್ಯಾಡ್ರಿ, ಮೈಗೆ ಚುಚ್ಚತೈತಿ, ಪದರಿನ ನಡುವ ಸೂಜಿ ತೂರಿಸಿ, ಒಂದ ಜಾಗಾದಾಗ ಎರಡ ಸಲ ಹಿಂದ ಮುಂದ ಹೊಲದ್ರ ಗಂಟಿಗಿಂತ ಗಟ್ಟಿ ನಿಲ್ತೈತಿ. ಒಂದ ಸಲಕ್ಕ ಮೂರ್ನಾಕು ಟಾಕಿ ಸೂಜಿಗೆ ಏರ್ಸಿ ಎಳೀರಿ, ಎಡಗೈ ಕೆಳಗ ಇಟ್ಟು ತೋರುಬೆರಳಿಗೆ ಸೂಜಿ ತುದಿ ತಾಕಿದ್ ಕೂಡ್ಲೆ ಮ್ಯಾಲ ತಿರುಗಿಸಬೇಕು, ಪೂರಾ ಕೆಳಗಿನ ಪದರಿನತನ ಹೋಗೈತಂತ ಅದ ಗುರ್ತು. ಆಯಿದು ಎಡಗೈ ತೋರುಬೆರಳ ತುದಿ ಹೆಂಗಿತ್ತಂದ್ರ ಸಣ್ಣ ಸಣ್ಣ ಚುಕ್ಕಿ ಬಿದ್ದು ಬೆಂದ ರೊಟ್ಟಿ ಅಂಚಿನಂಗ ಒರಟಾಗಿತ್ತು, ನಮಗ ಬೆನ್ನು ತುರಿಸ್ಬೇಕಾದ್ರ ಅದ ಬೆರಳ ಬೇಕಿತ್ತು.

ಕಾಣೋ ಎಲ್ಲಾ ಅಂಚಿಗೂ ಮೊದಲ ಸಾಲು ಕಾಲು ಇಂಚು ಒಳಗ. ಎಲ್ಲಾ ಅಂಚು ಅಂದ್ರ ಪಕ್ಕದ ತುಕಡಿ ಮ್ಯಾಲ ಏರಿದ ಅಂಚಿಗೂನು. ಸುತ್ತ ಹೋಗೋ ಸಾಲು ಹೆಂಗೂ ಬೀಳ್ತಾವ, ಈ ಅಡ್ಡ ಅಂಚನ್ನ ಎಲ್ಲಾರೂ ಮರೀತಾರ, ಅಲ್ಲೆ ಮೊದ್ಲ ಬೆರಳ ಸಿಕ್ಕಿ ಹರಿಯೋದು. ಆಮ್ಯಾಲ ಮುಕ್ಕಾಲು ಇಂಚಿಗೊಂದು ಸಾಲು, ಬೆರಳ ಅಗಲ ಅನ್ರಿ, ಸುತ್ತಲೂ ಓಡಸ್ರಿ. ಸಾಲು ಸ್ವಲ್ಪ ಸೊಟ್ಟ ಆದ್ರ ಆಗ್ಲಿ, ಹೊಲದಾಗ ಕೂರಿಗಿ ಸಾಲೂ ಸೊಟ್ಟ ಆಗ್ತಾವ. ದಾರ ಬಿಗಿ ಎಳದ್ರಿ ಅಂದ್ರ ಮಾತ್ರ ಕೌದಿ ಸುಕ್ಕುಗಟ್ಟಿ ಮೂಲಿ ಎದ್ದು ನಿಲ್ತಾವ, ಪ್ರತಿ ಸಲ ಎಳದ ಮ್ಯಾಲ ಹೊಲಿಗಿ ಮ್ಯಾಲ ಹೆಬ್ಬೆರಳಲೆ ಒಮ್ಮೆ ಸವರಿ ಬಿಡ್ರಿ.

ಒಂದ್ ಸುತ್ತು ಮುಗದ ಮ್ಯಾಲ ಅದರ ಒಳಅಂಚಿನ ಮ್ಯಾಲ 1 ಇಂಚು ಏರೋವಂಗ ಎರಡನೇ ಸುತ್ತು. ಹಿಂಗ ಬಂದ್ರ ಹಳೇ ಸುತ್ತಿನ ಒಳಅಂಚು ಹೊಸಾ ಸುತ್ತಿನ ಕೆಳಗ ಮುಚ್ಚಿ ಹೋಗತೈತಿ, ಹೊಸಾದರ ಹೊರಅಂಚು ಅಷ್ಟ ಕುಚ್ಚು ಬಿಡ್ತೈತಿ. ಬಣ್ಣ ಹೆಂಗ ಜೋಡಸಬೇಕಂತ ಕೇಳಬ್ಯಾಡ್ರಿ, ನನಗ ಗೊತ್ತಿರೋದು ಇಷ್ಟ, ಕಡು ಬಣ್ಣದ ಪಕ್ಕ ತಿಳಿ ಬಣ್ಣ, ಹೂವಿನ ಅರಿವಿ ಪಕ್ಕ ಚೌಕಳಿದು, ಮತ್ತ ಐದಾರು ಕಡೆ ಒಂದ ಕೆಂಪು. ಕೆಂಪು ಇಲ್ಲದ ಕೌದಿ ಉಪ್ಪಿಲ್ಲದ ಝುಣಕದಂಗ.

ಒಟ್ಟ ಎಷ್ಟ ಹೊಲಿಗಿ ಅಂತ ಒಮ್ಮೆ ಲೆಕ್ಕ ಹಾಕಿದ್ದೆ, ಮುಕ್ಕಾಲು ಇಂಚಿಗೊಂದು ಸಾಲು ಹಿಡದ್ರ ಸುಮಾರು 110 ಮೀಟರ್ ಆಗತೈತಿ, ಕೇಳಿ ಅಂಜಬ್ಯಾಡ್ರಿ. ಜೋಡಿ ಎಳಿಲೆ ಹೊಲಿಯೋರು 300 ಮೀಟರ್ ದಾರ ಮೊದ್ಲ ತಂದಿಟ್ಕೊರಿ, ನಡುವ ಖಾಲಿಯಾಗಿ ಬ್ಯಾರೆ ದಪ್ಪದ್ದು ತಂದ್ರ ಅದು ಎದ್ದು ಕಾಣತೈತಿ. ದಿನಾ ಮಧ್ಯಾಹ್ನ ಒಂದ್ ತಾಸಿನಂಗ ಕುಂತ್ರ ನನಗ 5 ವಾರ. ಎಪ್ರಿಲ್ ಮೇದಾಗ ಮಾತ್ರ ಬ್ಯಾಡ್ರಿ, ಸುಗ್ಗಿ ಮುಗದು ಕೈ ಖಾಲಿ ಇರ್ತಾವ ಅಂತ ಹಿರಿಯರು ಬ್ಯಾಸಗಿಯಾಗ ಹೊಲಿತಿದ್ರು, ಅವ್ರ ಮನಿ ಮಣ್ಣಿನ ಮಾಳಗಿ, ಒಳಗ ತಣ್ಣಗ. ನಮ್ಮ ಆರ್‌ಸಿಸಿ ಮನಿಯಾಗ ಮೂರು ಪದರು ಸೀರಿ ತೊಡಿ ಮ್ಯಾಲ ಹಾಕ್ಕೊಂಡು ಕುಂತ್ರ, ಕರೆಂಟೂ ಹೋತಂದ್ರ, ಒಲಿ ಮ್ಯಾಲ ಕುಂತಂಗ. ನಾನು ಆಷಾಢ ಶ್ರಾವಣಕ್ಕ ಚಾಲು ಮಾಡ್ತೀನಿ, ದಸರಾ ಮುಗಿಯೂದ್ರಾಗ ಥಂಡಿಗೆ ತಯಾರ.

ನಟ್ಟ ನಡುವ ಒಂದ ತುಕಡಿ ಜಾಗಾ ಉಳಿತೈತಿ. ಅದು ಎಲ್ಲಾದರ ಮ್ಯಾಲ ಕುಂದ್ರೋದು, ಅದಕ್ಕೊಂದಕ್ಕ ನಾಕೂ ಕಡೆ ಕುಚ್ಚು ಬಿಡ್ತೈತಿ, ತಗದಿಟ್ಟ ತೋಪ ತೆನಿ ಸೆರಗಿನ ತುಂಡು ಅಲ್ಲಿಗೆ. ಖಣಕ್ಕ ಹೇಳಿದಂಗ ಅದಕ್ಕೂ ಎರಡ ಸಾಲು. ಕಡೀ ಬದಿ ಮುಚ್ಚೋದಕ್ಕಿಂತ ಮೊದ್ಲ ಆಯಿ ನಾಕು ಕಾಳು ಅಕ್ಕಿ ಒಳಗ ಹಾಕ್ತಿದ್ಲು, ಕೌದಿ ಹೊಟ್ಟಿ ಖಾಲಿ ಇರಬಾರ್ದಂತ. ನಾನೂ ಹಾಕ್ತೀನಿ. ಒಗದಾಗ ಏನ ಆಗತೈತಿ ಅಂತ ಅತ್ತಿಯವ್ರು ಕೇಳಿದ್ರು, ನಾಕ ಕಾಳ ರೀ ಅತ್ತಿ, ಅನ್ನ ಆಗಂಗಿಲ್ಲ ಅಂದೆ.

ಎಲ್ಲಾ ಅಂಚು ಬಿಟ್ರೂ ಕೌದಿಯ ಹೊರಗಿನ ಅಂಚನ್ನ ಬಿಡಬ್ಯಾಡ್ರಿ. ಅದನ್ನ ದಿನಾ ಕೈಲೆ ಹಿಡದು ಜಗ್ಗತೀವಿ, ಕೊಡಕೋತೀವಿ, ಅಲ್ಲಿ ಕುಚ್ಚು ನಿಲ್ಲಂಗಿಲ್ಲ. ಅದಕ್ಕ ಇನ್ನೊಂದು ಹರದ ಸೀರಿದು ದಡಿ ಬಳಸ್ತೀನಿ, ದಡಿ ಹೊರಅಂಚು ಮಗ್ಗದಾಗ ಮುಚ್ಚಿ ಬಂದಿರ್ತೈತಿ, ಎಳಿ ಬಿಚ್ಚೋ ಮಾತ ಇಲ್ಲ. 3 ಇಂಚು ಅಗಲ ಪಟ್ಟಿ ಕತ್ತರಿಸಿ, ನಡುವ ಮಡಚಿ, ಕೌದಿ ಅಂಚು ಅದರ ಬಾಯಾಗ ಇಟ್ಟು, ಮಗ್ಗದ ಅಂಚು ಮ್ಯಾಲಿನ ಬದಿಗೆ, ಕತ್ತರಿಸಿದ ಅಂಚು ಹಿಂದಕ್ಕ ಬರೋವಂಗ ಮಾಡಿ ಎರಡ ಸಾಲು ಹೊಲೀರಿ. ಸುತ್ತಳತಿ 234 ಇಂಚು, ಮೂಲಿಗೆ ಮಡಚಾಕ ಹತ್ತು ಇಂಚು ಜಾಸ್ತಿ ಹಿಡೀರಿ, ಒಂದ ಸೀರಿ ಒಂದ ದಡಿ 216 ಇಂಚು ಅಷ್ಟ ಇರ್ತೈತಿ, ಸಾಲಂಗಿಲ್ಲ, ಎರಡನೇ ದಡಿಂದ ತುಂಡು ತಗೊಂಡು ಕಾಲಿನ ಕಡೆ ಕೂಡಸ್ರಿ. ಆಮ್ಯಾಲ ಕಚ್ಚಾ ಹೊಲಿಗಿ ಎಲ್ಲಾ ಬಿಚ್ಚಿ ತಗೀರಿ.

ಕೈ ಹೊಲಿಗಿ ಆಗಂಗಿಲ್ಲ, ಮನ್ಯಾಗ ಮಷಿನ್ ಐತಿ ಅನ್ನೋರಿಗೆ ಇನ್ನೊಂದು ದಾರಿ ಐತಿ, ಇದು ಸೋಫಾದ ಮ್ಯಾಲ ಹೊಚ್ಕೊಳ್ಳೋ ಸಣ್ಣ ಕೌದಿ. 8 ಇಂಚಿನ ಚೌಕ 96, ಮೆತ್ತನ್ನ ಹಳೇ ಧೋತ್ರದ್ದು ಆರೂವರೆ ಇಂಚಿನ ಚೌಕ 48. ಎರಡ ದೊಡ್ಡ ಚೌಕದ ಉಲ್ಟಾ ಬದಿ ಒಳಗ ಮಾಡಿ ನಡುವ ಧೋತ್ರದ ತುಂಡು ಇಟ್ಟು, ಮೂಲಿಂದ ಮೂಲಿಗೆ ಗುಣಿಲೆ ಗುರ್ತಿನಂಗ ಹೊಲೀರಿ. ಹಿಂಗ 48 ತಯಾರಾದ ಮ್ಯಾಲ ಒಂದಕ್ಕೊಂದು ಅರ್ಧ ಇಂಚು ಬಿಟ್ಟು ಕೂಡಸ್ತಾ ಹೋಗ್ರಿ, 6 ಅಡ್ಡ 8 ಉದ್ದ. ಇಲ್ಲೆ ಒಂದ ಉಲ್ಟಾ ವಿಷಯ ಐತಿ, ಜಂಪರ್ ಹೊಲದು ರೂಢಿ ಇರೋರು ಇಲ್ಲೆ ತಪ್ತಾರ, ಹೊಲಿಗಿ ಅಂಚು ಒಳಗಲ್ಲ, ಎಲ್ಲಾ ಮ್ಯಾಲಿನ ಬದಿಗೆ ಎದ್ದು ನಿಲ್ಲಬೇಕು. ಸಾಲಿಗೆ ಸಾಲು ಕೂಡ್ಸಬೇಕಾದ್ರ ಎದ್ದ ಅಂಚನ್ನ ಎರಡೂ ಕಡೆ ಬಿಡಿಸಿ ಮಲಗಿಸಿ ಹೊಲೀರಿ, ಇಲ್ಲಂದ್ರ ಆ ಗಂಟಿನ್ಯಾಗ ಸೂಜಿ ಮುರಿತೈತಿ. ಸೂಜಿ 16 ನಂಬರಿಂದು ಹಾಕ್ರಿ, ದಪ್ಪಂದಾದ್ರ 18, ಟಾಕಿ ಸ್ವಲ್ಪ ದೊಡ್ಡದು, 3 ಮಿಲಿಮೀಟರ್ ಇಡ್ರಿ. ಸುತ್ತ ಹೊರಗ ಅರ್ಧ ಇಂಚು ಒಳಗ ಎರಡ ಸಲ ಹೊಲೀರಿ. ಆಮ್ಯಾಲ ಎದ್ದು ನಿಂತ ಎಲ್ಲಾ ಅಂಚಿಗೂ ಅರ್ಧ ಅರ್ಧ ಇಂಚಿಗೆ ಕತ್ತರಿಲೆ ಕಚ್ಚು ಹಾಕಬೇಕು, ಹೊಲಿಗಿ ತನಕ ಬರಬೇಕು ಆದ್ರ ಹೊಲಿಗಿಗೆ ತಾಕಬಾರದು. ಇದು ಭಾಳ ಬ್ಯಾಸರದ ಕೆಲಸ, ಅಂಗೈ ನೋಯತೈತಿ, ಟಿವಿಯೊಳಗ ಧಾರಾವಾಹಿ ಹಚ್ಚಿ ಎರಡ ದಿನದಾಗ ಮಾಡ್ರಿ. ತಪ್ಪಿ ಹೊಲಿಗಿ ಕತ್ತರಿಸಿದ್ರ ಅಲ್ಲೆ ಬಿಡಬ್ಯಾಡ್ರಿ, ಆಗಿಂದಾಗ ಅದರ ಮ್ಯಾಲ ಎರಡ ಇಂಚು ಮತ್ತ ಹೊಲೀರಿ. ಮುಗದ ಮ್ಯಾಲ 42 ಇಂಚು ಅಗಲ 56 ಇಂಚು ಉದ್ದ ಬರ್ತೈತಿ.

ಎರಡಕ್ಕೂ ನಿಜವಾದ ರೂಪ ಬರೋದು ಮೊದಲನೇ ಒಗತದಾಗ. ಮಷಿನ್ಯಾಗ ಹಾಕಬ್ಯಾಡ್ರಿ ಮೊದಲ ಸಲ, ಬಿಟ್ಟ ಎಳಿ ಎಲ್ಲಾ ಪೈಪಿನ್ಯಾಗ ಹೋಗಿ ಸಿಕ್ಕೋತಾವ, ನಮ್ಮ ಮನಿಯಾಗ ಪ್ಲಂಬರ್‌ನ ಕರಸಬೇಕಾತು. ದೊಡ್ಡ ಬುಟ್ಟಿಯೊಳಗ ತಣ್ಣೀರಿನ್ಯಾಗ ನೆನಿ ಹಾಕಿ, ಕೈಲೆ ಹಿಸುಕಿ, ಮಾಳಗಿ ಮ್ಯಾಲ ಒಯ್ದು ಇಬ್ಬರು ಎರಡ ಕಡೆ ಹಿಡದು ಪಟಪಟ ಝಾಡಸ್ರಿ. ಗಾಳಿಗೆ ಹಾರೋ ಎಳಿ ನೋಡಿದ್ರ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯೊಳಗ ನಿಂತಂಗ ಅನಸ್ತೈತಿ. ಎರಡ ಮೂರು ಒಗತ ಆದ ಮ್ಯಾಲ ಎಳಿ ಬರೋದು ಕಡಿಮಿ ಆಗಿ ಕುಚ್ಚು ಮೆತ್ತಗಾಗತೈತಿ. ಉದ್ದನ್ನ ಎಳಿ ಜೋತು ಬಿದ್ದಿದ್ರ ಜಗ್ಗಬ್ಯಾಡ್ರಿ, ಕತ್ತರಿಲೆ ಕತ್ತರಿಸ್ರಿ, ಜಗ್ಗಿದ್ರ ಅದರ ಹಿಂದ ಇನ್ನೂ ನಾಕು ಬರ್ತಾವ. ಒಣಗಿಸಬೇಕಾದ್ರ ತುಕಡಿ ಬದಿ ಕೆಳಗ ಮಾಡಿ ಹಾಕ್ರಿ, ನಮ್ಮ ಬಿಸಿಲಿಗೆ ಬಣ್ಣ ಉಳಿಯಂಗಿಲ್ಲ.

ಸಣ್ಣ ಕೂಸಿಗೆ ಈ ಕೌದಿ ಕೊಡಬ್ಯಾಡ್ರಿ. ಕುಚ್ಚಿನ ಎಳಿ ಕೂಸಿನ ಬೆರಳಿಗೆ ಸುತ್ಕೊಂಡು ಬಿಗಿ ಆತಂದ್ರ ರಕ್ತ ಓಡಾಡಂಗಿಲ್ಲ, ಬೆರಳು ಬಾವು ಬರ್ತೈತಿ, ಕೂಸು ಅಳತೈತಿ, ಯಾಕಂತ ನಮಗ ತಿಳಿಯಂಗಿಲ್ಲ. ಕೂಸಿಂದಕ್ಕ ಆಯಿ ಪದ್ಧತಿನ ಸರಿ, ನಾಕೂ ಅಂಚು ಒಳಗ ಮಡಚಿ, ಬರೇ ಧೋತ್ರ ಮತ್ತ ಹಳೇ ಹತ್ತಿ ಸೀರಿ.

ಒಂದೆರಡು ವರ್ಷಕ್ಕ ಎಲ್ಲೋ ಒಂದ ತುಕಡಿ ಸವದು ಕೆಳಗಿನ ಸೀರಿ ಕಾಣಾಕ ಹತ್ತತೈತಿ, ಬಹಳ ಮಾಡಿ ಹಿಮ್ಮಡಿ ತಿಕ್ಕೋ ಕಡೆ. ಬಿಚ್ಚೋದೇನ ಬ್ಯಾಡ, ಅದರಕಿಂತ ಎರಡ ಇಂಚು ದೊಡ್ಡದೊಂದು ತುಕಡಿ ಮ್ಯಾಲಿಟ್ಟು ಸುತ್ತ ಹೊಲದ್ರಾತು. ನನ್ನ ನವಿಲಗಣ್ಣಿನ ಟೆರಿಕಾಟ್ ಹರದ ಜಾಗಾದಾಗ ಈಗ ಮಗನ ಸಾಲಿ ಯುನಿಫಾರ್ಮಿನ ಚೌಕಳಿ ತುಂಡು ಐತಿ, ಕಿಸೆ ಸಮೇತ. ಆ ಕಿಸೆಯಾಗ ಅಂವ ರಾತ್ರಿ ಗೋಟಿ ಇಟ್ಕೊಂಡ ಮಲಗತಾನ.